ಜೈಲೇ ಇಲ್ಲದ ಲೋಕ: ಕಲೆ ಮತ್ತು ಸಾಕ್ಷ್ಯಚಿತ್ರ ಅದನ್ನು ಹೇಗೆ ಊಹಿಸುತ್ತವೆ?

ಹಾಸನದಲ್ಲಿ ಈಚೆಗೆ ಜೈಲಿನ ಮಾತು ಬರದ ಮನೆ ಇರಲಿಕ್ಕಿಲ್ಲ. 2024ರ ಏಪ್ರಿಲ್‌ನಲ್ಲಿ ಹೆಣ್ಣುಮಕ್ಕಳ ಮೇಲಿನ ಲೈಂಗಿಕ ಹಿಂಸೆಯ ದೃಶ್ಯಗಳಿದ್ದ ಪೆನ್‌ಡ್ರೈವ್‌ಗಳು ಊರೆಲ್ಲ ಹರಿದಾಡಿದವು. ಅದೇ ವರ್ಷ ಆಗಸ್ಟ್‌ನಲ್ಲಿ ಸಿನಿಮಾ ನಟರೊಬ್ಬರು ಪರಪ್ಪನ ಅಗ್ರಹಾರ ಜೈಲಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಫೋಟೊ ಎಲ್ಲರ ಮೊಬೈಲಿಗೂ ಬಂತು. 2025ರ ಆಗಸ್ಟ್‌ನಲ್ಲಿ ನಮ್ಮ ಜಿಲ್ಲೆಯ ಮಾಜಿ ಸಂಸದರಿಗೆ ಬೆಂಗಳೂರಿನ ವಿಶೇಷ ನ್ಯಾಯಾಲಯ ಅತ್ಯಾಚಾರ ಪ್ರಕರಣವೊಂದರಲ್ಲಿ ಜೀವಾವಧಿ ಶಿಕ್ಷೆ ಕೊಟ್ಟಿತು. ಜೈಲೆಂದರೆ ಒಳಗೆ ಹೇಗಿರುತ್ತದೆ, ಯಾರನ್ನು ಹಾಕುತ್ತಾರೆ, ಹಾಕಿದ ಮೇಲೆ ಏನಾಗುತ್ತದೆ ಅಂತ ಈಗ ಟೀ ಅಂಗಡಿಯಲ್ಲೂ ಜನ ಕೇಳುತ್ತಾರೆ.

ಇಂಥ ಹೊತ್ತಿನಲ್ಲಿ ‘ಜೈಲೇ ಇಲ್ಲದ ಲೋಕ’ ಅಂದರೆ ಸಿಟ್ಟು ಬರುವುದು ಸಹಜ. ಅಷ್ಟು ಹೆಣ್ಣುಮಕ್ಕಳು ನೋವುಂಡ ಊರಿನಲ್ಲಿ ಕೂತು ಇದೆಂಥ ಮಾತು ಅಂತ ಯಾರಾದರೂ ಕೇಳಬಹುದು. ಆ ಪ್ರಶ್ನೆಗೆ ಮುಂದೆ ಬರುತ್ತೇನೆ, ತಪ್ಪಿಸಿಕೊಳ್ಳುವುದಿಲ್ಲ. ಆದರೆ ಜಗತ್ತಿನ ಹಲವು ಕಡೆ ಕಲಾವಿದರು, ಸಾಕ್ಷ್ಯಚಿತ್ರ ಮಾಡುವವರು, ನಾಟಕದವರು ಈ ಕಲ್ಪನೆಯ ಸುತ್ತ ದಶಕಗಳಿಂದ ಕೆಲಸ ಮಾಡುತ್ತಿದ್ದಾರೆ. ಅವರು ಏನು ಹೇಳುತ್ತಿದ್ದಾರೆ ಎಂದು ಗೊತ್ತಿಲ್ಲದೆ ಒಪ್ಪುವುದೂ ಕಷ್ಟ, ತಳ್ಳಿಹಾಕುವುದೂ ಕಷ್ಟ. ಹಾಗಾಗಿ ಬುಡದಿಂದ ಶುರು ಮಾಡೋಣ.

ಇದು ಏನು, ಏನಲ್ಲ

ಜೈಲುಗಳು ಇಲ್ಲದಂತಾಗಬೇಕು ಎನ್ನುವ ಚಿಂತನೆಗೆ ಅಬಾಲಿಷನ್ ಎಂದು ಹೆಸರು. ಅಮೆರಿಕದಲ್ಲಿ ಗುಲಾಮಗಿರಿ ರದ್ದಾಗಲಿ ಎಂದು ಹೋರಾಡಿದವರಿಂದ ಬಂದ ಹೆಸರು ಅದು. ನಾರ್ವೆಯ ಸಮಾಜಶಾಸ್ತ್ರಜ್ಞ ಥಾಮಸ್ ಮಾಥಿಸನ್ ಈ ಬಗ್ಗೆ 1974ರಲ್ಲೇ ಪುಸ್ತಕ ಬರೆದರು. ಅಮೆರಿಕದ ಆಂಜೆಲಾ ಡೇವಿಸ್, ಸ್ವತಃ ಜೈಲಿನಲ್ಲಿದ್ದು 1972ರಲ್ಲಿ ನಿರ್ದೋಷಿ ಎಂದು ಹೊರಬಂದವರು, 2003ರ ತಮ್ಮ ಪುಸ್ತಕದಲ್ಲಿ ಜೈಲಿನ ಕಾಲ ಮುಗಿಯಿತಲ್ಲವೇ ಎಂದು ಕೇಳಿದರು. ಅದಾದ ಮೇಲೆ ಈ ಮಾತು ಜಾಸ್ತಿ ಜನರಿಗೆ ತಲುಪಿತು.

ನಾಳೆ ಬೆಳಿಗ್ಗೆ ಎಲ್ಲ ಜೈಲಿನ ಬಾಗಿಲು ತೆಗೆದುಬಿಡಿ ಅಂತ ಇವರಲ್ಲಿ ಹೆಚ್ಚಿನವರು ಹೇಳುವುದಿಲ್ಲ. ತಪ್ಪು ಮಾಡಿದವರು ಹೊಣೆ ಹೊರಬೇಕಿಲ್ಲ ಎಂದೂ ಹೇಳುವುದಿಲ್ಲ. ಅವರು ಕೇಳುವುದು ಬೇರೆ. ಒಬ್ಬರಿಗೆ ಹಾನಿಯಾದಾಗ ಆ ಹಾನಿಯನ್ನು ಸರಿಪಡಿಸುವುದಕ್ಕೆ, ಅದು ಮತ್ತೆ ಆಗದಂತೆ ನೋಡಿಕೊಳ್ಳುವುದಕ್ಕೆ, ಬೀಗ ಹಾಕುವುದೊಂದೇ ದಾರಿಯೇ? ಭೂಗೋಳಶಾಸ್ತ್ರಜ್ಞೆ ರೂತ್ ವಿಲ್ಸನ್ ಗಿಲ್ಮೋರ್ ಪ್ರಕಾರ ಜೈಲನ್ನು ತೆಗೆಯುವುದಕ್ಕಿಂತ ಮೊದಲ ಕೆಲಸ ಕಟ್ಟುವುದು. ಶಾಲೆ, ಆಸ್ಪತ್ರೆ, ಮನೆ, ಕೆಲಸ, ಕುಡಿತ ಬಿಡಿಸುವ ನೆರವು, ಹೊಡೆತ ತಿನ್ನುವ ಹೆಂಗಸಿಗೆ ಓಡಿಹೋಗಿ ಇರಲು ಒಂದು ಜಾಗ, ಇವೆಲ್ಲ ಇದ್ದರೆ ಜೈಲಿನ ಅಗತ್ಯ ತಾನಾಗಿ ಕಡಿಮೆಯಾಗುತ್ತ ಹೋಗುತ್ತದೆ ಎನ್ನುವುದು ಅವರ ವಾದ.

ಕಾಫಿ ತೋಟದವರಿಗೆ ಇದನ್ನು ಹೇಳುವುದು ಸುಲಭ. ಅರೇಬಿಕಾ ಗಿಡಕ್ಕೆ ಬಿಳಿ ಕಾಂಡಕೊರಕ ಹತ್ತಿದರೆ ಆ ಗಿಡವನ್ನು ಕಿತ್ತು ಸುಡುತ್ತೇವೆ. ಸುಡದೆ ಬಿಟ್ಟರೆ ಪಕ್ಕದ ಗಿಡಕ್ಕೂ ಹರಡುತ್ತದೆ. ಆದರೆ ಆ ಹುಳು ಬಿಸಿಲು ಜಾಸ್ತಿ ಬೀಳುವ ಕಡೆಯೇ ಹೆಚ್ಚು. ನೆರಳು ಮರಗಳನ್ನೆಲ್ಲ ಕಡಿದುಕೊಂಡು ಕೂತವರು ವರ್ಷ ವರ್ಷ ಗಿಡ ಕೀಳುತ್ತಲೇ ಇರಬೇಕಾಗುತ್ತದೆ. ಜೈಲುಮುಕ್ತ ಚಿಂತನೆಯವರು ಮಾತಾಡುತ್ತಿರುವುದು ಆ ನೆರಳಿನ ಬಗ್ಗೆ.

ಜೈಲು ಯಾವಾಗಿನಿಂದ ಇದೆ?

ಜೈಲು ಮೊದಲಿನಿಂದಲೂ ಇತ್ತು ಎಂದು ನಮಗೆ ಅನ್ನಿಸುತ್ತದೆ. ರಾಜರ ಕಾಲದಲ್ಲಿ ಸೆರೆಮನೆ ಇತ್ತು, ನಿಜ. ಆದರೆ ಅದು ಹೆಚ್ಚಾಗಿ ವಿಚಾರಣೆಯಾಗುವ ತನಕ, ದಂಡ ಕಟ್ಟುವ ತನಕ, ತಲೆ ತೆಗೆಯುವ ತನಕ ಹಿಡಿದಿಡುವ ಜಾಗ. ಶಿಕ್ಷೆ ಎಂದರೆ ದಂಡ, ಗಡಿಪಾರು, ಹೊಡೆತ ಅಥವಾ ಸಾವು. ಇಷ್ಟು ತಪ್ಪಿಗೆ ಇಷ್ಟು ವರ್ಷ ಎಂದು ಲೆಕ್ಕ ಹಾಕಿ ಮನುಷ್ಯನ ಕಾಲವನ್ನೇ ಕಿತ್ತುಕೊಳ್ಳುವುದು ಮುಖ್ಯ ಶಿಕ್ಷೆಯಾಗಿ ಸುಮಾರು ಇನ್ನೂರು ವರ್ಷಗಳಷ್ಟೇ ಆಗಿವೆ. ಫಿಲಡೆಲ್ಫಿಯಾದಲ್ಲಿ 1829ರಲ್ಲಿ ತೆರೆದ ಈಸ್ಟರ್ನ್ ಸ್ಟೇಟ್ ಜೈಲು ಈ ಮಾದರಿಗೆ ಹೆಸರಾಯಿತು. ಒಬ್ಬೊಬ್ಬರನ್ನು ಒಂದೊಂದು ಕೋಣೆಯಲ್ಲಿ ಒಂಟಿಯಾಗಿಟ್ಟರೆ ಪಶ್ಚಾತ್ತಾಪ ಹುಟ್ಟುತ್ತದೆ ಎಂದು ಅದನ್ನು ಕಟ್ಟಿದವರು ನಂಬಿದ್ದರು. ಗಲ್ಲು, ಚಾಟಿಗಳಿಗಿಂತ ಇದು ಮನುಷ್ಯತ್ವ ಇರುವ ದಾರಿ ಅಂತಲೇ ಅವರು ಭಾವಿಸಿದ್ದರು.

ಭಾರತಕ್ಕೆ ಇದನ್ನು ತಂದವರು ಬ್ರಿಟಿಷರು. 1894ರ ಕಾರಾಗೃಹ ಕಾಯ್ದೆ ನಮ್ಮ ಜೈಲುಗಳನ್ನು ನೂರು ವರ್ಷಕ್ಕೂ ಮೀರಿ ಆಳಿತು. ಅದರ ಬದಲಿಗೆ ರಾಜ್ಯಗಳು ತೆಗೆದುಕೊಳ್ಳಲಿ ಎಂದು ಕೇಂದ್ರ ಸರ್ಕಾರ ಮಾದರಿ ಕಾಯ್ದೆಯೊಂದನ್ನು ಕೊಟ್ಟಿದ್ದು 2023ರಲ್ಲಿ.

ಹಾಗಂತ ಹಳೆಯ ಕಾಲ ಚೆನ್ನಾಗಿತ್ತು ಎನ್ನುವಂತಿಲ್ಲ. ನಮ್ಮ ಕಡೆ ಊರ ಪಂಚಾಯ್ತಿಗಳು ಜೈಲಿಲ್ಲದೆಯೇ ನ್ಯಾಯ ತೀರ್ಮಾನ ಮಾಡುತ್ತಿದ್ದವು. ಆ ತೀರ್ಮಾನದ ಹೆಸರಿನಲ್ಲಿ ದಲಿತ ಕುಟುಂಬಗಳಿಗೆ ಬಹಿಷ್ಕಾರ ಹಾಕಿದ್ದೂ, ಹೆಣ್ಣುಮಕ್ಕಳನ್ನು ಸುಮ್ಮನಿರಿಸಿದ್ದೂ ಗೊತ್ತೇ ಇದೆ. ಗೋಡೆ ಇಲ್ಲ ಎಂದ ಮಾತ್ರಕ್ಕೆ ನ್ಯಾಯ ಸಿಕ್ಕಂತಲ್ಲ. ಇದನ್ನು ನೆನಪಿಟ್ಟುಕೊಂಡೇ ಮುಂದೆ ಹೋಗಬೇಕು.

ಒಳಗಿರುವವರು ಯಾರು?

ಜೈಲೆಂದರೆ ಶಿಕ್ಷೆಯಾದವರು ಇರುವ ಜಾಗ ಎಂದು ನಾವು ಅಂದುಕೊಂಡಿರುತ್ತೇವೆ, ಅಲ್ವಾ? ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊದ 2022ರ ವರದಿ ತೆಗೆದು ನೋಡಿದರೆ ಚಿತ್ರವೇ ಬೇರೆ. ಆಗ ದೇಶದ ಜೈಲುಗಳಲ್ಲಿ ಇದ್ದವರು 5,73,220 ಜನ. ಅವರಲ್ಲಿ 4,34,302 ಮಂದಿ ವಿಚಾರಣಾಧೀನ ಕೈದಿಗಳು, ಅಂದರೆ ಇವರು ತಪ್ಪು ಮಾಡಿದ್ದಾರೆ ಎಂದು ಯಾವ ಕೋರ್ಟೂ ಇನ್ನೂ ತೀರ್ಮಾನ ಮಾಡಿಲ್ಲ. ನಾಲ್ವರಲ್ಲಿ ಮೂವರು ಇಂಥವರು. ನೂರು ಜನರಿಗೆಂದು ಇರುವ ಜಾಗದಲ್ಲಿ ಸರಾಸರಿ 131 ಜನ ಇದ್ದರು. ದಲಿತರು ಮತ್ತು ಆದಿವಾಸಿಗಳ ಪಾಲು ದೇಶದ ಜನಸಂಖ್ಯೆಯಲ್ಲಿರುವುದಕ್ಕಿಂತ ಜೈಲಿನಲ್ಲಿ ಜಾಸ್ತಿ.

ವಿಚಾರಣೆ ಮುಗಿಯುವ ಮೊದಲೇ ಇಷ್ಟು ಜನ ಒಳಗೆ ಯಾಕೆ? ಒಂದು ಕಾರಣ ನಮ್ಮ ಜಿಲ್ಲೆಗಳಲ್ಲೇ ಕಣ್ಣಿಗೆ ಕಾಣುತ್ತದೆ. ಕೋರ್ಟು ಜಾಮೀನು ಕೊಟ್ಟರೂ ಶ್ಯೂರಿಟಿ ಬೇಕು. ಶ್ಯೂರಿಟಿ ನಿಲ್ಲುವವರು ಪಹಣಿಯನ್ನೋ ಮನೆಪತ್ರವನ್ನೋ ತೋರಿಸಬೇಕು. ಮೂಡಿಗೆರೆಯ ಕಡೆಯೋ ಸಕಲೇಶಪುರದ ಕಡೆಯೋ ಎಸ್ಟೇಟಿನ ಲೈನ್ ಮನೆಯಲ್ಲಿರುವ ಅಸ್ಸಾಮಿನ ಕಾರ್ಮಿಕನಿಗೆ ಪಹಣಿ ಇರುವ ನೆಂಟರು ಇಲ್ಲಿ ಎಲ್ಲಿಂದ ಬರಬೇಕು? ಊರಿನಲ್ಲಿ ಹತ್ತೆಕರೆ ಇರುವವನು ಅದೇ ಕೇಸಿನಲ್ಲಿ ಸಂಜೆಗೆ ಮನೆಗೆ ಬರುತ್ತಾನೆ. ಇಲ್ಲಿ ಮಾಡಿದ ತಪ್ಪಿಗಿಂತ ಕೈಯಲ್ಲಿರುವ ಕಾಗದಕ್ಕೆ ತೂಕ ಜಾಸ್ತಿ.

ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ 1977ರಲ್ಲೇ ಜಾಮೀನೇ ನಿಯಮ, ಜೈಲು ಅಪವಾದ ಎಂಬ ತತ್ವ ಹೇಳಿದ್ದರು. ಬಿಹಾರದ ಜೈಲುಗಳಲ್ಲಿ ವರ್ಷಗಟ್ಟಲೆ ವಿಚಾರಣೆಯಿಲ್ಲದೆ ಕೊಳೆಯುತ್ತಿದ್ದವರ ಬಗ್ಗೆ ಪತ್ರಿಕೆಯಲ್ಲಿ ವರದಿ ಬಂದು, ಅದು ಹುಸೇನಾರಾ ಖಾತೂನ್ ಪ್ರಕರಣವಾಗಿ, ಬೇಗ ವಿಚಾರಣೆಯಾಗುವುದು ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1979ರಲ್ಲಿ. ಈ ತತ್ವಗಳು ಬಂದು ಹತ್ತಿರ ಹತ್ತಿರ ಅರ್ಧ ಶತಮಾನವಾಯಿತು.

ಕಲೆಗೆ ಇಲ್ಲೇನು ಕೆಲಸ?

ಇಷ್ಟೆಲ್ಲ ಅಂಕಿಅಂಶ ಇರುವಾಗ ಚಿತ್ರ, ನಾಟಕ, ಸಿನಿಮಾ ಯಾಕೆ ಬೇಕು? ನನಗೆ ಕಾಣುವ ಮುಖ್ಯ ಕಾರಣ ಗೋಡೆ. ಗೋಡೆ ಒಳಗಿನವರನ್ನು ಹೊರಗೆ ಬಿಡುವುದಿಲ್ಲ, ಹಾಗೇ ಹೊರಗಿನವರ ಕಣ್ಣನ್ನೂ ಒಳಗೆ ಬಿಡುವುದಿಲ್ಲ. ಕಾಣದ ಜಾಗದ ಬಗ್ಗೆ ನಮ್ಮ ತಲೆಯಲ್ಲಿರುವ ಚಿತ್ರವೆಲ್ಲ ಸಿನಿಮಾದಿಂದ ಬಂದದ್ದು. ಪಟ್ಟಿ ಪಟ್ಟಿ ಅಂಗಿ, ಕಲ್ಲು ಒಡೆಯುವುದು, ಊಟದ ತಟ್ಟೆ ಹಿಡಿದು ಹೊಡೆದಾಟ. ಅಂದರೆ ಜೈಲಿನ ಬಗ್ಗೆ ನಮ್ಮ ನಂಬಿಕೆಯನ್ನು ಈಗಾಗಲೇ ಕಲೆಯೇ ಕಟ್ಟಿದೆ. ಅದನ್ನು ಬದಲಿಸಲಿಕ್ಕೂ ಕಲೆಯೇ ಬೇಕಾಗುತ್ತದೆ.

ಎರಡನೆಯ ಕಾರಣ ಇನ್ನೂ ಮುಖ್ಯ. ಇಲ್ಲದೇ ಇರುವುದನ್ನು ಲೆಕ್ಕ ಹಾಕಲು ಆಗುವುದಿಲ್ಲ, ಊಹಿಸಬೇಕು. ಜೈಲಿನ ಬದಲು ಏನಿರಬಹುದು ಎಂಬುದಕ್ಕೆ ಕಾನೂನು ಪುಸ್ತಕದಲ್ಲಿ ಅಷ್ಟಾಗಿ ಉತ್ತರ ಇಲ್ಲ. ಆ ಕೆಲಸವನ್ನು ಕತೆಗಾರರು, ಚಿತ್ರಕಾರರು, ಕ್ಯಾಮೆರಾ ಹಿಡಿದವರು ಮಾಡಿದ್ದಾರೆ. ಅವರು ಮಾಡಿದ್ದನ್ನು ಒಂದೊಂದಾಗಿ ನೋಡಿದರೆ ವಿಷಯ ತಾನಾಗಿ ಬಿಡಿಸಿಕೊಳ್ಳುತ್ತದೆ.

ಜೈಲಿನೊಳಗೆ ಹೋಗದ ಜೈಲಿನ ಸಿನಿಮಾ

ಕೆನಡಾದ ಬ್ರೆಟ್ ಸ್ಟೋರಿ ಎಂಬ ನಿರ್ದೇಶಕಿ 2016ರಲ್ಲಿ ‘ದಿ ಪ್ರಿಸನ್ ಇನ್ ಟ್ವೆಲ್ವ್ ಲ್ಯಾಂಡ್‌ಸ್ಕೇಪ್ಸ್’ ಎಂಬ ಸಾಕ್ಷ್ಯಚಿತ್ರ ಮಾಡಿದರು. ಅಮೆರಿಕದ ಜೈಲುಗಳ ಬಗ್ಗೆ ಇರುವ ಈ ಚಿತ್ರದಲ್ಲಿ ಕ್ಯಾಮೆರಾ ಒಮ್ಮೆಯೂ ಜೈಲಿನೊಳಗೆ ಹೋಗುವುದಿಲ್ಲ. ಬದಲಿಗೆ ಜೈಲು ಹೊರಗಿನ ಬದುಕಿನಲ್ಲಿ ಎಲ್ಲೆಲ್ಲಿ ಅಡಗಿದೆ ಎಂದು ಹುಡುಕುತ್ತದೆ. ಕೆಂಟಕಿಯಲ್ಲಿ ಕಲ್ಲಿದ್ದಲು ಗಣಿ ಮುಚ್ಚಿ ಕೆಲಸವಿಲ್ಲದ ಊರೊಂದು ಜೈಲು ಬಂದರೆ ಉದ್ಯೋಗ ಬರುತ್ತದೆ ಎಂದು ಕಾಯುತ್ತಿದೆ. ನ್ಯೂಯಾರ್ಕಿನಲ್ಲಿ ಒಬ್ಬರು ಜೈಲಿನವರು ಒಪ್ಪುವ ಸಾಮಾನುಗಳನ್ನು ಮಾತ್ರ ಇಟ್ಟು ಕೈದಿಗಳ ಮನೆಯವರಿಗೆ ಮಾರುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಕೈದಿ ಹೆಂಗಸರು ಕಾಡ್ಗಿಚ್ಚು ಆರಿಸುತ್ತಾರೆ. ಸೇಂಟ್ ಲೂಯಿಸ್ ಹತ್ತಿರ ಕಸದ ಡಬ್ಬದ ಮುಚ್ಚಳದ ವಿಚಾರಕ್ಕೆ ಬಿದ್ದ ದಂಡ ಒಬ್ಬ ಹೆಂಗಸನ್ನು ಬಂಧನದವರೆಗೆ ಎಳೆದುಕೊಂಡು ಹೋಗುತ್ತದೆ. ಕೊನೆಗೆ ನ್ಯೂಯಾರ್ಕ್ ರಾಜ್ಯದ ಆಟಿಕಾ ಜೈಲಿನ ಗೋಡೆ, ಅದೂ ಹೊರಗಿನಿಂದ.

ಈ ವಿಧಾನ ನನಗೆ ತುಂಬ ಬೆಲೆಯುಳ್ಳದ್ದು ಅನ್ನಿಸುತ್ತದೆ. ಜೈಲೆಂದರೆ ಎಲ್ಲೋ ದೂರದ ಕಟ್ಟಡ ಎಂಬ ಭಾವನೆ ಇದರಿಂದ ಬಿದ್ದುಹೋಗುತ್ತದೆ. ಕುದುರೆಮುಖದ ಗಣಿ ಮುಚ್ಚಿದ ಮೇಲೆ ಆ ಟೌನ್‌ಶಿಪ್ ಖಾಲಿಯಾದದ್ದನ್ನು ನೋಡಿದವರಿಗೆ ಕೆಂಟಕಿಯ ಜನರ ಆಸೆ ತಕ್ಷಣ ಗೊತ್ತಾಗುತ್ತದೆ. ಹಾಸನದಲ್ಲೇ ಇಂಥ ಚಿತ್ರ ಮಾಡಿದರೆ ಕ್ಯಾಮೆರಾ ಎಲ್ಲಿ ಇಡಬಹುದು ಎಂದು ಯೋಚಿಸಿ. ಕೋರ್ಟಿನ ಎದುರು ಅರ್ಜಿ ಟೈಪ್ ಮಾಡಿಕೊಡುವ ಅಂಗಡಿ. ದೂರದ ಸೆಂಟ್ರಲ್ ಜೈಲಿಗೆ ಮಗನನ್ನು ನೋಡಲು ಬೆಳಗಿನ ಜಾವದ ಬಸ್ಸು ಹಿಡಿಯುವ ತಾಯಿ. ಗಂಡ ಒಳಗಿದ್ದಾನೆ ಎಂದು ಬಾಡಿಗೆ ಮನೆ ಸಿಗದ ಹೆಂಡತಿ. ಅಪ್ಪ ಎಲ್ಲಿ ಅಂತ ಕೇಳಿದರೆ ಗಲ್ಫಿನಲ್ಲಿದ್ದಾರೆ ಎಂದು ಹೇಳಲು ಕಲಿತ ಮಗು. ಜೈಲು ಇವರೆಲ್ಲರ ಮನೆಯಲ್ಲೂ ಇದೆ.

ಗ್ಯಾರೆಟ್ ಬ್ರ್ಯಾಡ್ಲಿ ಅವರ 2020ರ ‘ಟೈಮ್’ ಎಂಬ ಸಾಕ್ಷ್ಯಚಿತ್ರ ಇದೇ ಎಳೆಯನ್ನು ಒಂದು ಕುಟುಂಬದ ಮೂಲಕ ಹಿಡಿಯುತ್ತದೆ. ದರೋಡೆ ಕೇಸಿನಲ್ಲಿ ಅರವತ್ತು ವರ್ಷ ಶಿಕ್ಷೆಯಾದ ಗಂಡನಿಗೆ ತೋರಿಸಲೆಂದು ಹೆಂಡತಿ ಫಾಕ್ಸ್ ರಿಚ್ ಮನೆಯಲ್ಲಿ ತೆಗೆದಿಟ್ಟ ವಿಡಿಯೊಗಳೇ ಅದರ ಜೀವಾಳ. ಮಕ್ಕಳು ನಮ್ಮ ಕಣ್ಣೆದುರೇ ಬೆಳೆದು ದೊಡ್ಡವರಾಗುತ್ತಾರೆ, ಅಪ್ಪ ಪರದೆಯ ಹೊರಗೇ ಇರುತ್ತಾನೆ. ಅವರು ಹೊರಬಂದದ್ದು 2018ರಲ್ಲಿ. ದರೋಡೆ ನಡೆದದ್ದು ಸುಳ್ಳು ಎಂದು ಚಿತ್ರ ಎಲ್ಲೂ ಹೇಳುವುದಿಲ್ಲ. ತಪ್ಪಾಗಿದೆ, ಆದರೆ ಅರವತ್ತು ವರ್ಷವೇ ಎಂದು ಕೇಳುತ್ತದೆ.

ಇನ್ನೊಂದು ಬಗೆಯದು ವಾದ ಕಟ್ಟುವ ಸಾಕ್ಷ್ಯಚಿತ್ರ. ಆವಾ ಡುವರ್ನೆ ಅವರ 2016ರ ‘13ತ್’ ಅಂಥದ್ದು. ಅಮೆರಿಕದ ಸಂವಿಧಾನಕ್ಕೆ 1865ರಲ್ಲಿ ಬಂದ 13ನೇ ತಿದ್ದುಪಡಿ ಗುಲಾಮಗಿರಿಯನ್ನು ರದ್ದು ಮಾಡಿತು, ಆದರೆ ಅಪರಾಧಕ್ಕೆ ಶಿಕ್ಷೆಯಾಗಿ ದುಡಿಸಿಕೊಳ್ಳುವುದನ್ನು ಹೊರತುಪಡಿಸಿತು. ಅದೊಂದು ಸಾಲಿನಿಂದ ಇಂದಿನ ಜೈಲುಗಳವರೆಗೆ ಎಳೆ ಹೇಗೆ ಬಂತು ಎಂದು ಚಿತ್ರ ತೋರಿಸುತ್ತದೆ. ಆ ದೇಶದಲ್ಲಿ ಈಗ ಹತ್ತಿರ ಹತ್ತಿರ 20 ಲಕ್ಷ ಜನ ಬಂಧನದಲ್ಲಿದ್ದಾರೆ.

ಆರಡಿ, ಒಂಬತ್ತಡಿ ಕೋಣೆಯಿಂದ ಒಂದು ಮನೆ

ಹರ್ಮನ್ ವಾಲೆಸ್ ಎಂಬುವರು ಲೂಸಿಯಾನಾದ ಅಂಗೋಲಾ ಜೈಲಿನಲ್ಲಿದ್ದರು. ಆ ಜೈಲು ಇರುವ ಜಾಗ ಹಿಂದೆ ಗುಲಾಮರು ದುಡಿಯುತ್ತಿದ್ದ ಪ್ಲಾಂಟೇಶನ್. 1972ರಲ್ಲಿ ಕಾವಲುಗಾರನೊಬ್ಬನ ಕೊಲೆಯಾಯಿತು. ಅದರ ಆರೋಪ ಹೊತ್ತ ವಾಲೆಸ್ ತಾನು ಮಾಡಿಲ್ಲ ಎಂದು ಕೊನೆಯವರೆಗೂ ಹೇಳಿದರು. ಅವರನ್ನು ಒಂಟಿ ಕೋಣೆಯಲ್ಲಿಟ್ಟದ್ದು ನಲವತ್ತು ವರ್ಷಕ್ಕೂ ಹೆಚ್ಚು. ಕೋಣೆಯ ಅಳತೆ ಆರಡಿ, ಒಂಬತ್ತಡಿ.

ಜಾಕಿ ಸಮೆಲ್ ಎಂಬ ಕಲಾವಿದೆ ಅವರಿಗೆ ಪತ್ರ ಬರೆದು ಒಂದು ಪ್ರಶ್ನೆ ಕೇಳಿದರು. ಇಷ್ಟು ವರ್ಷ ಇಂಥ ಕೋಣೆಯಲ್ಲಿ ಬದುಕಿದ ಮನುಷ್ಯ ಎಂಥ ಮನೆಯ ಕನಸು ಕಾಣುತ್ತಾನೆ? ವಾಲೆಸ್ ಉತ್ತರ ಬರೆಯತೊಡಗಿದರು. ಮನೆಯ ಮುಂದೆ ಹೂತೋಟ ಇರಬೇಕು, ಅದರಲ್ಲಿ ಗಾರ್ಡೇನಿಯಾ, ಕಾರ್ನೇಶನ್, ಟ್ಯುಲಿಪ್ ಇರಬೇಕು. ಒಂದು ಈಜುಕೊಳ ಬೇಕು, ಅದರ ತಳದಲ್ಲಿ ಕರಿ ಚಿರತೆಯ ಚಿತ್ರ ಬೇಕು, ಏಕೆಂದರೆ ಅವರು ಅಮೆರಿಕದ ಕಪ್ಪು ಜನರ ಹಕ್ಕಿಗಾಗಿ ಹೋರಾಡಿದ ಬ್ಲ್ಯಾಕ್ ಪ್ಯಾಂಥರ್ ಚಳವಳಿಯವರು. ಪತ್ರಗಳಿಂದ ನಕ್ಷೆಯಾಯಿತು, ನಕ್ಷೆಯಿಂದ ಮಾದರಿ ಮನೆಯಾಯಿತು. ಪಕ್ಕದಲ್ಲಿ ಅವರ ಕೋಣೆಯಷ್ಟೇ ಅಳತೆಯ ಮರದ ಕೋಣೆಯೂ ಪ್ರದರ್ಶನದಲ್ಲಿ ನಿಂತಿತು. ಅಂಗದ್ ಸಿಂಗ್ ಭಲ್ಲಾ ಇದನ್ನೆಲ್ಲ 2012ರಲ್ಲಿ ‘ಹರ್ಮನ್ಸ್ ಹೌಸ್’ ಎಂಬ ಸಾಕ್ಷ್ಯಚಿತ್ರವಾಗಿಸಿದರು.

2013ರ ಅಕ್ಟೋಬರ್ 1ರಂದು ನ್ಯಾಯಾಧೀಶರು ಅವರ ಶಿಕ್ಷೆ ರದ್ದು ಮಾಡಿದರು. ಕ್ಯಾನ್ಸರ್ ಆಗಿದ್ದ ವಾಲೆಸ್ ಅಂದೇ ಆಂಬುಲೆನ್ಸಿನಲ್ಲಿ ಹೊರಬಂದರು. ಮೂರು ದಿನಕ್ಕೆ ತೀರಿಕೊಂಡರು.

ಮುಂದೆ ಸಮೆಲ್ ನ್ಯೂ ಆರ್ಲಿಯನ್ಸಿನಲ್ಲಿ ಒಂಟಿ ಕೋಣೆಯ ಅಳತೆಯದೇ ಹೂಪಾತಿಗಳನ್ನು ಕಟ್ಟಿದರು. ಕಬ್ಬು, ಹತ್ತಿ, ಹೊಗೆಸೊಪ್ಪು, ನೀಲಿ ಗಿಡ, ಅಂದರೆ ಗುಲಾಮರು ಬೆಳೆಯುತ್ತಿದ್ದ ಬೆಳೆಗಳನ್ನೇ ಗಾರೆಯಲ್ಲಿ ಬೆರೆಸಿದರು. ಒಳಗಿರುವ ಕೈದಿ ಪತ್ರದಲ್ಲಿ ಏನು ನೆಡಬೇಕೆಂದು ಹೇಳುತ್ತಾನೆ, ಹೊರಗಿನವರು ಅವನ ಪರವಾಗಿ ನೆಡುತ್ತಾರೆ. ಗಿಡ ಬೆಳೆದ ಹಾಗೆ ಕೋಣೆಯ ಆಕಾರ ಮುಚ್ಚಿಹೋಗುತ್ತದೆ. ತೋಟದ ದುಡಿಮೆಯ ಚರಿತ್ರೆ ಇರುವ ನಮ್ಮ ಗುಡ್ಡಗಾಡಿನವರಿಗೆ ಈ ಕಲೆ ಯಾರೂ ವಿವರಿಸದೆಯೇ ಅರ್ಥವಾಗುತ್ತದೆ ಎಂದು ನನ್ನ ನಂಬಿಕೆ.

ಜೈಲುಮುಕ್ತ ಲೋಕವನ್ನು ಊಹಿಸುವುದು ಎಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಈ ಕತೆಯನ್ನೇ. ಇಲ್ಲಿ ಘೋಷಣೆ ಇಲ್ಲ. ಮನೆಯ ಮುಂದೆ ಯಾವ ಹೂವು ಬೇಕು ಎಂದು ಒಬ್ಬ ಮನುಷ್ಯನನ್ನು ಕೇಳಿದ್ದಾರೆ, ಅಷ್ಟೇ.

ಒಳಗಿರುವವರೇ ಕಲೆ ಮಾಡುವುದೂ ಇದೆ. ಜೆಸ್ಸಿ ಕ್ರೈಮ್ಸ್ ಎಂಬುವರು ಜೈಲಿನ 39 ಹಾಸಿಗೆ ಬಟ್ಟೆಗಳ ಮೇಲೆ, ತಲೆಗೆ ಹಚ್ಚುವ ಜೆಲ್ ಮತ್ತು ಪ್ಲಾಸ್ಟಿಕ್ ಚಮಚ ಬಳಸಿ ಪತ್ರಿಕೆಯ ಚಿತ್ರಗಳನ್ನು ಇಳಿಸಿದರು. ಒಂದೊಂದನ್ನೇ ಅಂಚೆಯಲ್ಲಿ ಹೊರಗೆ ಕಳಿಸಿದರು. ಎಲ್ಲವನ್ನೂ ಜೋಡಿಸಿದ ದೊಡ್ಡ ಚಿತ್ರವನ್ನು ಅವರು ನೋಡಿದ್ದು ಬಿಡುಗಡೆಯಾದ ಮೇಲೆ.

ನಮ್ಮ ಕಡೆ

ಇದೆಲ್ಲ ಅಮೆರಿಕದ ಮಾತಾಯಿತು ಅನ್ನಬಹುದು. ನಮ್ಮಲ್ಲೂ ಇದೆ, ಹೆಸರು ಬೇರೆ.

ರಂಗಾಯಣದ ಕಲಾವಿದ ಹುಲುಗಪ್ಪ ಕಟ್ಟಿಮನಿ 1990ರ ದಶಕದ ಕೊನೆಯಿಂದ ಕೈದಿಗಳ ಜೊತೆ ನಾಟಕ ಮಾಡಿಸುತ್ತ ಬಂದರು. ಮೈಸೂರು ಜೈಲಿನ ಕೈದಿಗಳು ಎಚ್.ಎಸ್. ಶಿವಪ್ರಕಾಶ್ ಅವರ ‘ಮಾರನಾಯಕನ ದೃಷ್ಟಾಂತ’ ಆಡಿದರು. ಅದು ಷೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ಆಧರಿಸಿದ್ದು, ಕೊಲೆ ಮಾಡಿ ಅದರ ಭಾರದಲ್ಲೇ ಕುಸಿಯುವ ಒಬ್ಬನ ಕತೆ. ಆಡಿದ ತಂಡದಲ್ಲಿ ಜೀವಾವಧಿ ಶಿಕ್ಷೆಯವರೂ ಇದ್ದರು. ಈ ತಂಡಗಳು ಜೈಲಿನ ಹೊರಗೆ, ಸಾಮಾನ್ಯ ರಂಗಮಂದಿರಗಳಲ್ಲಿ, ಟಿಕೆಟ್ ತೆಗೆದುಕೊಂಡು ಬಂದ ಜನರ ಎದುರು ಆಡಿವೆ. ಕೈದಿಯನ್ನು ನಟನಾಗಿ ನೋಡಿ ಚಪ್ಪಾಳೆ ತಟ್ಟಿದ ಮೇಲೆ ಅವನ ಬಗ್ಗೆ ನಮ್ಮೊಳಗೆ ಏನೋ ಅಲುಗಾಡುತ್ತದೆ.

ಚಿಕ್ಕಮಗಳೂರಿನವರಿಗೆ ಹತ್ತಿರದ ಇನ್ನೊಂದು ಹೆಸರು ಸ್ನೇಹಲತಾ ರೆಡ್ಡಿ. ಶೃಂಗೇರಿ ಹತ್ತಿರದ ವೈಕುಂಠಪುರದಲ್ಲಿ ಚಿತ್ರೀಕರಣವಾದ 1970ರ ‘ಸಂಸ್ಕಾರ’ ಸಿನಿಮಾದ ಚಂದ್ರಿ ಅವರೇ. ತುರ್ತು ಪರಿಸ್ಥಿತಿಯಲ್ಲಿ, 1976ರಲ್ಲಿ, ಅವರನ್ನು ಬಂಧಿಸಿ ಬೆಂಗಳೂರು ಸೆಂಟ್ರಲ್ ಜೈಲಿನಲ್ಲಿಟ್ಟರು. ಅವರಿಗೆ ಯಾವ ಶಿಕ್ಷೆಯೂ ಆಗಿರಲಿಲ್ಲ. ತೀವ್ರ ಆಸ್ತಮಾ ಇತ್ತು. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಬಿಟ್ಟ ಕೆಲವೇ ದಿನಗಳಲ್ಲಿ ತೀರಿಕೊಂಡರು. ಜೈಲಿನಲ್ಲಿ ಅವರು ಬರೆದ ಡೈರಿ ಆಮೇಲೆ ಪ್ರಕಟವಾಯಿತು. ಅದರಲ್ಲಿ ತಮ್ಮ ನೋವಿನ ಜೊತೆ ಅಲ್ಲಿದ್ದ ಬಡ ಹೆಣ್ಣು ಕೈದಿಗಳ ಪಾಡನ್ನೂ ಬರೆದಿದ್ದಾರೆ. ದಾಖಲಿಸುವುದು ಎಂದರೆ ಇದು. ಕ್ಯಾಮೆರಾ ಇಲ್ಲದಿದ್ದರೆ ಪೆನ್ನು. ತುರ್ತು ಪರಿಸ್ಥಿತಿ ಹೇರಿದ ಇಂದಿರಾ ಗಾಂಧಿಯವರೇ 1978ರ ನವೆಂಬರ್‌ನಲ್ಲಿ ಚಿಕ್ಕಮಗಳೂರಿನಿಂದ ಗೆದ್ದು ಲೋಕಸಭೆಗೆ ಹೋದರು, ಡಿಸೆಂಬರ್‌ನಲ್ಲಿ ಹಕ್ಕುಚ್ಯುತಿಯ ಕಾರಣಕ್ಕೆ ಸದಸ್ಯತ್ವ ಕಳೆದುಕೊಂಡು ಒಂದು ವಾರ ತಿಹಾರ್ ಜೈಲಿನಲ್ಲಿದ್ದರು.

ಸಿನಿಮಾ ಮತ್ತು ನಿಜ ಜೀವನ ಒಂದನ್ನೊಂದು ಹೇಗೆ ಮುಟ್ಟುತ್ತವೆ ಎಂಬುದಕ್ಕೆ ವಿ. ಶಾಂತಾರಾಂ ಅವರ 1957ರ ‘ದೋ ಆಂಖೇ ಬಾರಹ್ ಹಾಥ್’ ಸಾಕ್ಷಿ. ಆರು ಮಂದಿ ಕೊಲೆಗಾರರನ್ನು ಜೈಲರ್ ಒಬ್ಬ ಗೋಡೆಯಿಲ್ಲದ ಹೊಲಕ್ಕೆ ಕರೆದೊಯ್ಯುವ ಕತೆ ಅದು. ಇದರ ಹಿಂದೆ ನಿಜವಾದ ಪ್ರಯೋಗ ಇತ್ತು. ಇಂದಿನ ಮಹಾರಾಷ್ಟ್ರದಲ್ಲಿದ್ದ ಔಂಧ್ ಸಂಸ್ಥಾನದಲ್ಲಿ 1939ರಲ್ಲೇ ಸ್ವತಂತ್ರಪುರ ಎಂಬ ತೆರೆದ ವಸಾಹತು ಶುರುವಾಗಿತ್ತು. ರಾಜಸ್ಥಾನದ ಸಾಂಗಾನೇರ್ ಬಯಲು ಬಂದೀಖಾನೆಯಲ್ಲಿ ಕೈದಿಗಳು ಮನೆಯವರ ಜೊತೆಗೇ ಇದ್ದು, ಹಗಲು ಹೊರಗೆ ದುಡಿದು ಬರುತ್ತಾರೆ. ಕರ್ನಾಟಕದಲ್ಲೂ ದೇವನಹಳ್ಳಿ ತಾಲ್ಲೂಕಿನಲ್ಲಿ ಒಂದು ಬಯಲು ಬಂದೀಖಾನೆ ಇದೆ.

ಇಲ್ಲೊಂದು ಗೆರೆ ಎಳೆಯಬೇಕು. ಜೈಲನ್ನು ಸುಧಾರಿಸುವುದು ಬೇರೆ, ಜೈಲಿಲ್ಲದ ಲೋಕ ಬೇರೆ. ತಿಹಾರ್‌ನಲ್ಲಿ ವಿಪಶ್ಯನ ಧ್ಯಾನ ಕಲಿಸಿದ ಬಗ್ಗೆ 1997ರಲ್ಲಿ ಬಂದ ಸಾಕ್ಷ್ಯಚಿತ್ರ ಹೆಸರು ಮಾಡಿತು. ಅದು ಸುಧಾರಣೆಯ ಚಿತ್ರ. ಜೈಲು ಚೆನ್ನಾಗಿದೆ ಎಂದು ಅನ್ನಿಸಿದರೆ ಜನ ಇನ್ನಷ್ಟು ಜೈಲು ಕಟ್ಟಲು ಒಪ್ಪುತ್ತಾರೆ ಎಂಬುದು ಜೈಲುಮುಕ್ತ ಚಿಂತನೆಯವರ ಆತಂಕ. ಈಗ ಒಳಗಿರುವವರಿಗೆ ಇಂದೇ ನೀರು, ಗಾಳಿ, ಘನತೆ ಬೇಡವೇ ಎಂಬುದು ಇನ್ನೊಂದು ಕಡೆಯವರ ಪ್ರಶ್ನೆ. ಎರಡೂ ನ್ಯಾಯವಾದವೇ.

ಕ್ಯಾಮೆರಾ ಯಾರ ಕೈಯಲ್ಲಿದೆ?

ಹಾಸನದವರಿಗೆ ಇದನ್ನು ಹೊಸದಾಗಿ ಹೇಳಬೇಕಿಲ್ಲ. 2024ರಲ್ಲಿ ಪೆನ್‌ಡ್ರೈವ್‌ಗಳಲ್ಲಿ ಹರಡಿದ ದೃಶ್ಯಗಳಲ್ಲಿ ಹೆಣ್ಣುಮಕ್ಕಳ ಮುಖವನ್ನು ಮರೆಮಾಡಿರಲಿಲ್ಲ. ಒಮ್ಮೆ ಆದ ಹಿಂಸೆ ಪ್ರತಿ ಮೊಬೈಲಿನಲ್ಲೂ ಮತ್ತೆ ಆಯಿತು. ‘ಸತ್ಯ ತೋರಿಸುತ್ತಿದ್ದೇವೆ’ ಎಂಬ ಮಾತು ಅದಕ್ಕೆ ಸಮರ್ಥನೆಯಾಗುವುದಿಲ್ಲ.

ಸಾಕ್ಷ್ಯಚಿತ್ರದವರಿಗೂ ಈ ಪ್ರಶ್ನೆ ಬಿಟ್ಟಿಲ್ಲ. ಫ್ರೆಡರಿಕ್ ವೈಸ್‌ಮನ್ 1966ರಲ್ಲಿ ಮ್ಯಾಸಚೂಸೆಟ್ಸ್‌ನ ಮಾನಸಿಕ ಅಸ್ವಸ್ಥ ಕೈದಿಗಳ ಆಸ್ಪತ್ರೆಯೊಂದನ್ನು ಚಿತ್ರೀಕರಿಸಿದರು. ಅಲ್ಲಿನ ಕ್ರೌರ್ಯ ಕಂಡವರು ಬೆಚ್ಚಿಬಿದ್ದರು. ಆದರೆ ಬೆತ್ತಲೆಯಾಗಿ ನಿಂತ ರೋಗಿಗಳು ಒಪ್ಪಿಗೆ ಕೊಡುವ ಸ್ಥಿತಿಯಲ್ಲಿದ್ದರೇ? ಸರ್ಕಾರ ರೋಗಿಗಳ ಖಾಸಗಿತನದ ಹೆಸರು ಹೇಳಿ ಕೋರ್ಟಿಗೆ ಹೋಯಿತು, 1991ರವರೆಗೆ ಸಾರ್ವಜನಿಕ ಪ್ರದರ್ಶನಕ್ಕೆ ತಡೆ ಇತ್ತು. ಕ್ರೌರ್ಯವನ್ನು ಮುಚ್ಚಿಡಲೂ ಖಾಸಗಿತನದ ಮಾತು ಬಳಕೆಯಾಗುತ್ತದೆ. ಹಾಗಂತ ಖಾಸಗಿತನ ಮುಖ್ಯ ಅಲ್ಲ ಎನ್ನುವಂತೆಯೂ ಇಲ್ಲ. ನೋಡುವವರು ಕೇಳಬೇಕಾದ್ದು ಸರಳ. ತೆರೆಯ ಮೇಲಿರುವವರು ಒಪ್ಪಿದ್ದಾರೆಯೇ? ಬೇಡ ಎನ್ನುವ ಧೈರ್ಯ ಅವರಿಗೆ ಇತ್ತೇ? ಹಾನಿಗೊಳಗಾದವರ ದನಿ ಎಲ್ಲಿದೆ?

ಹಾಗೆ ಎಚ್ಚರದಿಂದ ಮಾಡಿದ ದಾಖಲೆ ಕಾನೂನನ್ನೇ ಬದಲಿಸಬಹುದು. ಪತ್ರಕರ್ತೆ ಸುಕನ್ಯಾ ಶಾಂತಾ ಜೈಲುಗಳಲ್ಲಿ ಜಾತಿ ನೋಡಿ ಕೆಲಸ ಹಂಚುವುದರ ಬಗ್ಗೆ 2020ರಲ್ಲಿ ವರದಿ ಮಾಡಿದರು. ಅಡುಗೆ ಮೇಲ್ಜಾತಿಯವರಿಗೆ, ಗುಡಿಸುವ ಕೆಲಸ ಕೆಳಜಾತಿಯವರಿಗೆ ಎಂದು ಕೆಲವು ರಾಜ್ಯಗಳ ಜೈಲು ಕೈಪಿಡಿಯಲ್ಲೇ ಇತ್ತು. ಅವರೇ ಸುಪ್ರೀಂ ಕೋರ್ಟಿಗೆ ಹೋದರು. 2024ರ ಅಕ್ಟೋಬರ್ 3ರಂದು ಕೋರ್ಟು ಆ ನಿಯಮಗಳು ಸಂವಿಧಾನಕ್ಕೆ ವಿರುದ್ಧ ಎಂದಿತು.

‘ಅತ್ಯಾಚಾರ ಮಾಡಿದವರನ್ನು ಏನು ಮಾಡುತ್ತೀರಿ?’

ಈ ಪ್ರಶ್ನೆಗೆ ಸುಲಭದ ಉತ್ತರ ಇದೆ ಎಂದು ಹೇಳುವವರನ್ನು ನಂಬಬೇಡಿ. ಬಲಿಷ್ಠರು ಒಳಗೆ ಹೋಗುವುದೇ ಅಪರೂಪವಾದ ದೇಶದಲ್ಲಿ, ಒಬ್ಬ ಮನೆಕೆಲಸದ ಹೆಣ್ಣುಮಗಳ ದೂರಿನ ಮೇಲೆ ದೊಡ್ಡ ಮನೆತನದವರಿಗೆ ಶಿಕ್ಷೆಯಾದದ್ದು ಸಣ್ಣ ಮಾತಲ್ಲ. ಆ ತೀರ್ಪು ಬಂದ ದಿನ ನೆಮ್ಮದಿಪಟ್ಟವರಿಗೆ ಜೈಲು ಬೇಡ ಎಂದು ಪಾಠ ಹೇಳುವ ಹಕ್ಕು ಯಾರಿಗೂ ಇಲ್ಲ.

ಜೈಲುಮುಕ್ತ ಚಿಂತನೆಯ ಸ್ತ್ರೀವಾದಿಗಳು ಹೇಳುವುದು ಏನೆಂದರೆ, ಒಂದು ಪ್ರಕರಣ ತೀರ್ಪಿನವರೆಗೆ ಬರುವಾಗ ನೂರಾರು ಹೆಣ್ಣುಮಕ್ಕಳು ದೂರನ್ನೇ ಕೊಟ್ಟಿರುವುದಿಲ್ಲ. ಕೊಡದಿರಲು ಕಾರಣ ಹೆದರಿಕೆ, ಮಾನ, ಕೆಲಸ ಹೋಗುವ ಭಯ. ಅವರಿಗೆ ಬೇಕಾದ್ದು ಸುರಕ್ಷಿತ ಜಾಗ, ದುಡಿಮೆ, ನಂಬುವ ಕಿವಿ. ಜೈಲು ಇದ್ದರೂ ಇವು ಬೇಕೇ ಬೇಕು, ಇಲ್ಲದಿದ್ದರೂ ಬೇಕು. ಅಪಾಯಕಾರಿ ಮನುಷ್ಯನನ್ನು ಬೇರೆಯಾಗಿಡುವುದು ಅನಿವಾರ್ಯ ಎಂದು ಈ ಚಿಂತಕರಲ್ಲೂ ಹಲವರು ಒಪ್ಪುತ್ತಾರೆ. ಅದು ಸೇಡಿನ ಜಾಗ ಆಗಬೇಕಿಲ್ಲ ಎನ್ನುತ್ತಾರೆ.

ಬೇರೆ ಬಗೆಯ ಅಪರಾಧಗಳಲ್ಲಿ ದಾರಿಗಳು ಇನ್ನೂ ಸ್ಪಷ್ಟವಾಗಿವೆ. ಸರಿಪಡಿಸುವ ನ್ಯಾಯ ಎಂಬುದು ಅಂಥದ್ದೊಂದು. 1974ರಲ್ಲಿ ಕೆನಡಾದ ಎಲ್ಮಿರಾ ಎಂಬ ಊರಿನಲ್ಲಿ ಇಬ್ಬರು ಹುಡುಗರು ಕುಡಿದ ಅಮಲಿನಲ್ಲಿ 22 ಕಡೆ ಮನೆ, ಕಾರುಗಳನ್ನೆಲ್ಲ ಹಾಳುಗೆಡವಿದರು. ಜೈಲಿಗೆ ಕಳಿಸುವ ಬದಲು ಪ್ರೊಬೇಷನ್ ಅಧಿಕಾರಿಯೊಬ್ಬರು ಇವರನ್ನು ಮನೆ ಮನೆಗೆ ಕರೆದೊಯ್ದು ಎದುರು ನಿಲ್ಲಿಸಿದರು. ಹುಡುಗರು ಕ್ಷಮೆ ಕೇಳಿದರು, ನಷ್ಟ ಕಟ್ಟಿಕೊಟ್ಟರು. ನ್ಯೂಜಿಲೆಂಡ್ 1989ರಲ್ಲಿ ಮಾವೊರಿ ಜನರ ಪದ್ಧತಿಯಿಂದ ಕಲಿತು, ಮಕ್ಕಳು ತಪ್ಪು ಮಾಡಿದಾಗ ಅವರ ಕುಟುಂಬದವರೂ ನೊಂದವರೂ ಕೂತು ಮಾತಾಡುವುದನ್ನು ಕಾನೂನಿಗೇ ಸೇರಿಸಿತು. ನಾರ್ವೆಯ ನಿಲ್ಸ್ ಕ್ರಿಸ್ಟಿ 1977ರಲ್ಲಿ ಬರೆದದ್ದು ಇಲ್ಲಿ ಹೊಂದುತ್ತದೆ. ಜಗಳ ಎಂಬುದು ಅದರಲ್ಲಿರುವವರ ಸ್ವತ್ತು, ಅದನ್ನು ಸರ್ಕಾರ ಮತ್ತು ವಕೀಲರು ಕಿತ್ತುಕೊಂಡಿದ್ದಾರೆ, ನೊಂದವರು ತಮ್ಮದೇ ಕೇಸಿನಲ್ಲಿ ಬರೀ ಸಾಕ್ಷಿಯಾಗಿಬಿಟ್ಟಿದ್ದಾರೆ ಎನ್ನುವುದು ಅವರ ಮಾತಿನ ಸಾರ.

ನಮ್ಮ ಕಾನೂನಿನಲ್ಲಿ ಈಗ ಏನಿದೆ, ನಾವು ಏನು ಮಾಡಬಹುದು

ಜೈಲಿಗೆ ಬದಲಿ ದಾರಿ ಭಾರತಕ್ಕೆ ಹೊಸದಲ್ಲ. ಒಳ್ಳೆಯ ನಡತೆಯ ಮುಚ್ಚಳಿಕೆ ಮೇಲೆ ಬಿಡುವ ಪ್ರೊಬೇಷನ್ ಕಾಯ್ದೆ 1958ರಿಂದ ಇದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಮೊದಲ ಬಾರಿಗೆ ಸಮುದಾಯ ಸೇವೆಯೂ ಒಂದು ಶಿಕ್ಷೆ. ಮೊದಲ ಸಲ 5,000 ರೂಪಾಯಿಗಿಂತ ಕಡಿಮೆಯ ಕಳ್ಳತನ ಮಾಡಿ ಅದನ್ನು ಹಿಂತಿರುಗಿಸಿದವರು, ಕುಡಿದು ಸಾರ್ವಜನಿಕ ಜಾಗದಲ್ಲಿ ಗಲಾಟೆ ಮಾಡಿದವರು, ಹೀಗೆ ಕೆಲವೇ ಸಣ್ಣ ಅಪರಾಧಗಳಿಗೆ ಅದು ಅನ್ವಯ. ಅದೇ ದಿನ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ ಪ್ರಕಾರ, ಹಿಂದೆ ಯಾವ ಅಪರಾಧದಲ್ಲೂ ಶಿಕ್ಷೆಯಾಗದ ವಿಚಾರಣಾಧೀನ ಕೈದಿ ಆ ಅಪರಾಧದ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಕಳೆದಿದ್ದರೆ ಬಾಂಡ್ ಮೇಲೆ ಬಿಡಬೇಕು. ಮರಣದಂಡನೆ, ಜೀವಾವಧಿ ಆಗಬಹುದಾದ ಪ್ರಕರಣಗಳಿಗೂ ಒಂದಕ್ಕಿಂತ ಹೆಚ್ಚು ಕೇಸು ಇರುವವರಿಗೂ ಇದು ಸಿಗುವುದಿಲ್ಲ. ಶ್ಯೂರಿಟಿಗೆ ದುಡ್ಡಿಲ್ಲದ ಬಡ ವಿಚಾರಣಾಧೀನ ಕೈದಿಗಳಿಗೆ ಹಣದ ನೆರವು ಕೊಡುವ ಕೇಂದ್ರದ ಯೋಜನೆ 2023ರಲ್ಲಿ ಬಂತು.

ಇದನ್ನೆಲ್ಲ ಚಿತ್ರವಾಗಿಸಬೇಕು ಎನ್ನುವ ಹುಡುಗ ಹುಡುಗಿಯರು ನಮ್ಮ ಕಾಲೇಜುಗಳಲ್ಲಿ ಇದ್ದಾರೆ. ಅವರಿಗೊಂದು ಮಾತು. ಜೈಲಿನೊಳಗೆ ಕ್ಯಾಮೆರಾ ಒಯ್ಯಲು ಸರ್ಕಾರದ ಅನುಮತಿ ಬೇಕು. 2015ರಲ್ಲಿ ದೆಹಲಿ ಅತ್ಯಾಚಾರ ಪ್ರಕರಣದ ಅಪರಾಧಿಯೊಬ್ಬನ ಸಂದರ್ಶನವಿದ್ದ ಸಾಕ್ಷ್ಯಚಿತ್ರದ ಪ್ರಸಾರಕ್ಕೆ ಇಲ್ಲಿ ತಡೆ ಬಿದ್ದ ಮೇಲೆ ಕೇಂದ್ರ ಗೃಹ ಸಚಿವಾಲಯ ಬಿಗಿ ಸೂಚನೆ ಹೊರಡಿಸಿತು. ಒಂದು ಲಕ್ಷ ರೂಪಾಯಿ ಠೇವಣಿ, ಪ್ರಕಟಿಸುವ ಮೊದಲು ಅಧಿಕಾರಿಗಳ ನಿರಾಕ್ಷೇಪಣೆ, ಇವೆಲ್ಲ ಅದರಲ್ಲಿವೆ. ಸಣ್ಣ ತಂಡಕ್ಕೆ ಇದು ಭಾರ. ಆದರೆ ಗೋಡೆಯ ಹೊರಗಿನ ಜೈಲನ್ನು ತೋರಿಸಲು, ಆಯಾ ಮನೆಯವರ ಒಪ್ಪಿಗೆ ಇದ್ದರೆ, ಒಂದು ಮೊಬೈಲ್ ಸಾಕು. ಮಲೆನಾಡಿನಲ್ಲಿ ತಾಳಮದ್ದಳೆ ಇದೆ. ವೇಷ ಬೇಕಿಲ್ಲ, ರಂಗಸಜ್ಜಿಕೆ ಬೇಕಿಲ್ಲ, ಇಬ್ಬರು ಅರ್ಥಧಾರಿಗಳು ಎದುರುಬದುರು ಕೂತು ಧರ್ಮ ಯಾವುದು ಎಂದು ರಾತ್ರಿಯಿಡೀ ವಾದ ಮಾಡುತ್ತಾರೆ, ಎರಡೂ ಕಡೆಗೆ ಪೂರ್ತಿ ಅವಕಾಶ ಕೊಟ್ಟು. ನೊಂದವರ ಸಿಟ್ಟಿಗೂ ತಪ್ಪಿತಸ್ಥನ ಮುಂದಿನ ಬದುಕಿಗೂ ಸಮನಾಗಿ ಮಾತು ಸಿಗುವಂಥ ಕಲಾಪ್ರಕಾರವನ್ನು ನಾವು ಹೊರಗೆ ಹುಡುಕಬೇಕಿಲ್ಲ.

ಇನ್ನು, ನಿಮ್ಮ ಪರಿಚಯದವರು ಯಾರಾದರೂ ವಿಚಾರಣೆಯಿಲ್ಲದೆ ಒಳಗೇ ಉಳಿದಿದ್ದರೆ ಉಚಿತ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಬಹುದು, ಇಲ್ಲವೇ ಹಾಸನ ಅಥವಾ ಚಿಕ್ಕಮಗಳೂರಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬಹುದು. 479ನೇ ಕಲಂ ಅಡಿ ಅವಧಿ ಮುಗಿದ ತಕ್ಷಣ ಕೋರ್ಟಿಗೆ ಲಿಖಿತ ಅರ್ಜಿ ಹಾಕುವುದು ಜೈಲು ಅಧೀಕ್ಷಕರದೇ ಹೊಣೆ. ಹಾಕಿದ್ದಾರಾ ಅಂತ ಮನೆಯವರು ಕೇಳಬಹುದು.